ಕೇಳಿದ ಮೇಲೆ ಬಾಯಿ ಮುಚ್ಚಬೇಕು

"ತಾವರೆಕೆರೆ ಅಂದ್ರೆ ಬಿಟಿಎಂ ಪಕ್ಕದ್ದಾ, ಮಾಗಡಿ ರೋಡಿಂದಾ?" ಬೆಂಗಳೂರಿಗೆ ಹೋದಾಗೆಲ್ಲ ನನಗೆ ಬೀಳುವ ಮೊದಲ ಪ್ರಶ್ನೆ ಇದು. ಕೊಡುವ ಆಯ್ಕೆ ಎರಡು, ಎರಡೂ ತಪ್ಪು. ನಮ್ಮದು ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ಹೆದ್ದಾರಿಯಲ್ಲಿ ಸಿಗುವ ತಾವರೆಕೆರೆ. ಕೆರೆಯಲ್ಲಿ ತಾವರೆ ಇದೆಯಾ ಅನ್ನೋದು ಬೋನಸ್ ಪ್ರಶ್ನೆ. ಅದನ್ನು ಮಳೆಯಾದ ವರ್ಷ ಕೇಳಿ.

ಶಿರಾದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. ಫ್ಯಾನು ರಿಪೇರಿ, ಮೋಟರು ರಿವೈಂಡಿಂಗು, ಮದುವೆ ಮನೆಗೆ ಸೀರಿಯಲ್ ಸೆಟ್ಟು. ಅಂಗಡಿ ಹೊಟ್ಟೆಪಾಡಿಗೆ, ಕ್ವಿಜ್ಜು ಹುಚ್ಚಿಗೆ. 2002ರಲ್ಲಿ ದೂರದರ್ಶನ ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾದಾಗ ಡಾ. ನಾ. ಸೋಮೇಶ್ವರ ಅವರು ಕೇಳುವ ಪ್ರಶ್ನೆಗಳಿಗೆ ಅಂಗಡಿಯ ಪುಟ್ಟ ಟಿವಿ ಮುಂದೆ ನಿಂತು ನಾನೂ ಗಿರಾಕಿಗಳೂ ಕೂಗಿ ಕೂಗಿ ಉತ್ತರ ಹೇಳುತ್ತಿದ್ದೆವು. ಮುಂದಿನ ವರ್ಷವೇ ಊರ ಗಣೇಶನ ಪೆಂಡಾಲಿನಲ್ಲಿ ನಾನು ಮೈಕು ಹಿಡಿದೆ. ಆಮೇಲೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಶಾಲೆ, ಜಾತ್ರೆ, ರಾಜ್ಯೋತ್ಸವ. ನಡುವೆ ಒಂದೂವರೆ ವರ್ಷ ಲೋಕಲ್ ಕೇಬಲ್ ಟಿವಿಯಲ್ಲಿ ವಾರಕ್ಕೊಂದು ಕಾರ್ಯಕ್ರಮ. ಯಾವ ಶಾಲೆಯಲ್ಲೂ ಪಾಠ ಮಾಡದ ನನ್ನನ್ನು ಜನ ‘ಕ್ವಿಜ್ ಮೇಷ್ಟ್ರು’ ಅಂತ ಕರೆಯುತ್ತಾರೆ. ಈಚೆಗೆ ಮೂರ್ನಾಲ್ಕು ಹುಡುಗರು ಬಂದು, "ನಮಗೂ ಹೇಳ್ಕೊಡಿ" ಅಂದರು. ಅವರಿಗಾಗಿ ಇದನ್ನು ಬರೆದಿದ್ದೇನೆ. ನಂಬರ್ ಹಾಕಿರುವುದು ನೆನಪಾದ ಕ್ರಮಕ್ಕೆ, ಮಹತ್ವಕ್ಕಲ್ಲ.

1. ಮೊದಲು ಬೆಲ್ಲು, ಆಮೇಲೆ ಭಾಷಣ

ಮೊದಲ ವರ್ಷ ತಂಡಕ್ಕೊಂದು ಸ್ಟೀಲ್ ತಟ್ಟೆ, ಒಂದು ಚಮಚ ಕೊಟ್ಟಿದ್ದೆ. ಗೊತ್ತಿದ್ದವರು ಬಡಿಯಬೇಕು. ಮೂರನೇ ಪ್ರಶ್ನೆಗೆ ಮೂರು ತಂಡವೂ ಒಟ್ಟಿಗೆ ಬಡಿದವು. "ನಮ್ಮುಡುಗ್ರೇ ಮೊದ್ಲು" ಅಂತ ಒಬ್ಬ ತಂದೆ ಸ್ಟೇಜ್ ಹತ್ತಿದರು. ಅವರನ್ನು ಇಳಿಸಲು ಇನ್ನಿಬ್ಬರು ಹತ್ತಿದರು. ಗಣೇಶ ಸುಮ್ಮನೆ ನೋಡುತ್ತಿದ್ದ.

ಆ ರಾತ್ರಿಯೇ ಅಂಗಡಿಯಲ್ಲಿ ಕೂತು ಮೂರು ರಿಲೇ, ಮೂರು ಬಲ್ಬು, ಒಂದು ಕಾಲಿಂಗ್ ಬೆಲ್ಲು ಜೋಡಿಸಿದೆ. ಸೂತ್ರ ಸರಳ. ಯಾರು ಮೊದಲು ಸ್ವಿಚ್ಚು ಒತ್ತಿದರೋ ಅವರ ರಿಲೇ ಎಳೆದುಕೊಂಡು ತನ್ನ ಬಲ್ಬು ಹತ್ತಿಸುತ್ತದೆ, ಅದೇ ಹೊಡೆತಕ್ಕೆ ಉಳಿದ ಎರಡು ಸ್ವಿಚ್ಚುಗಳಿಗೆ ಹೋಗುವ ಸಪ್ಲೈ ಕಡಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಉಪಯೋಗವಿಲ್ಲ. ನಾನು ರೀಸೆಟ್ ಗುಂಡಿ ಒತ್ತಿದ ಮೇಲೆಯೇ ಮುಂದಿನ ಪ್ರಶ್ನೆ. ಮನುಷ್ಯನ ಕಿವಿಯನ್ನು ಅನುಮಾನಿಸುವ ತಂದೆ ತಾಯಿ ಬಲ್ಬನ್ನು ಅನುಮಾನಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಡಬ್ಬಿಯ ರಿಲೇ ಎರಡು ಸಲ ಬದಲಾಗಿದೆ. ಡಬ್ಬಿ ಅದೇ, ಹಳೆಯ ಸ್ಟೆಬಿಲೈಸರಿನದು.

ಹನ್ನೆರಡು ವೋಲ್ಟಿನ ಬ್ಯಾಟರಿ ಜೊತೆಗಿರಲಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಈಗ 2050 ಮೆಗಾವಾಟಿನ ಸೋಲಾರ್ ಪಾರ್ಕು ಇದೆ, ಸುಮಾರು 13,000 ಎಕರೆ. ಅದರ ಫಲಕಗಳು ಕಣ್ಣಿಗೆ ಕಾಣುವ ಒಂದು ಹಳ್ಳಿಯಲ್ಲೇ ಸೆಮಿಫೈನಲ್ ನಡುವೆ ಕರೆಂಟು ಹೋಗಿತ್ತು.

2. ಕನ್ನಡದಲ್ಲಿ ಪ್ರಶ್ನೆ ಕೊನೆಗೆ ಬರುತ್ತದೆ

ಇದು ಬೆಲ್ಲು ಬಂದ ಮೇಲೆ ಗೊತ್ತಾಯಿತು. ಇಂಗ್ಲಿಷಿನ ಕ್ವಿಜ್ಜಿನಲ್ಲಿ ಯಾರು, ಎಲ್ಲಿ, ಯಾವಾಗ ಅನ್ನೋದು ಸಾಮಾನ್ಯವಾಗಿ ವಾಕ್ಯದ ಮೊದಲಿಗೇ ಬಂದುಬಿಡುತ್ತದೆ. ನಮ್ಮ ಭಾಷೆಯಲ್ಲಿ ಮಾಹಿತಿಯೆಲ್ಲ ಮೊದಲು, ಕೇಳುತ್ತಿರುವುದು ಏನು ಅನ್ನೋದು ಕಟ್ಟಕಡೆಗೆ. "ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು..." ಅನ್ನುವಷ್ಟರಲ್ಲಿ ಒಬ್ಬ ಹುಡುಗ ಟ್ರಿಣ್ ಅನ್ನಿಸಿ, "ತುಮಕೂರು ಜಿಲ್ಲೆ ಸಾರ್!" ಅಂದ. ನಾನು ಕೇಳಬೇಕೆಂದಿದ್ದದ್ದು ಯಾವ ಶೈಕ್ಷಣಿಕ ಜಿಲ್ಲೆ ಅಂತ. ಉತ್ತರ ಮಧುಗಿರಿ. ಹುಡುಗನದು ತಪ್ಪಲ್ಲ, ಅವಸರ. ತಪ್ಪು ವಾಕ್ಯ ಕಟ್ಟಿದವನದು.

ಅಮೆರಿಕದ ‘ಜೆಪರ್ಡಿ’ ಕಾರ್ಯಕ್ರಮಕ್ಕೂ ಈ ಕಾಟ ಇತ್ತು. 1985ರಿಂದ ಅವರೊಂದು ನಿಯಮ ತಂದರು. ನಿರೂಪಕ ಪೂರ್ತಿ ಓದಿ ಮುಗಿಸುವ ತನಕ ಗುಂಡಿ ಕೆಲಸ ಮಾಡುವುದಿಲ್ಲ, ಮೊದಲೇ ಒತ್ತಿದವನ ಗುಂಡಿ ಕಾಲು ಸೆಕೆಂಡು ಸತ್ತಿರುತ್ತದೆ. ನಾನೂ ಡಬ್ಬಿಗೆ ಒಂದು ಸ್ವಿಚ್ಚು ಹೆಚ್ಚಿಗೆ ಹಾಕಿದೆ. ಓದಿ ಮುಗಿಸಿ ಹೆಬ್ಬೆರಳಲ್ಲಿ ಅದನ್ನು ಆನ್ ಮಾಡಿದರೆ ಮಾತ್ರ ಮಕ್ಕಳ ಗುಂಡಿಗೆ ಜೀವ.

ಆ ಕಾರ್ಯಕ್ರಮವನ್ನು 1984ರಿಂದ 2020ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ಅಲೆಕ್ಸ್ ಟ್ರೆಬೆಕ್, ಶೂಟಿಂಗ್ ದಿನ ಬೆಳಿಗ್ಗೆ ಎಲ್ಲ ಪ್ರಶ್ನೆಗಳನ್ನೂ ಮುಂದೆ ಇಟ್ಟುಕೊಂಡು ಉಚ್ಚಾರಣೆಗೆ ಗುರುತು ಹಾಕಿಕೊಳ್ಳುತ್ತಿದ್ದರಂತೆ. ಎಂಟು ಸಾವಿರಕ್ಕೂ ಹೆಚ್ಚು ಕಂತು ಮಾಡಿದ ಮನುಷ್ಯ! ನೀವೂ ಹಿಂದಿನ ರಾತ್ರಿ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದಿದಾಗ ಚೆನ್ನಾಗಿದ್ದ ಪ್ರಶ್ನೆ ಬಾಯಲ್ಲಿ ಎಡವುತ್ತದೆ. ಮಹಾಪ್ರಾಣ ನನಗೂ ಕೈಕೊಡುತ್ತೆ, ಅದಕ್ಕೆ ಕೆಂಪು ಶಾಯಿ.

3. ಕೇಳಿದ ಮೇಲೆ ಬಾಯಿ ಮುಚ್ಚಿ

ನಮ್ಮಜ್ಜಿ ಒಗಟು ಹಾಕಿ ಮುದ್ದೆ ತಿರುವಲು ಒಲೆ ಮುಂದೆ ಹೋಗಿಬಿಡುತ್ತಿದ್ದಳು. ಎಸರು ಕುದ್ದು, ಹಿಟ್ಟು ಬೆಂದು, ಕೋಲಾಡಿಸಿ, ಮುದ್ದೆ ಕಟ್ಟಿ ತಟ್ಟೆಗೆ ಬೀಳುವ ತನಕ ನಮಗೆ ಟೈಮು. ನಡುವೆ ಸುಳಿವು ಕೊಡುತ್ತಿರಲಿಲ್ಲ, "ಗೊತ್ತಾಗ್ಲಿಲ್ವಾ?" ಅಂತ ಕೆಣಕುತ್ತಲೂ ಇರಲಿಲ್ಲ. ಬೆನ್ನು ನಮ್ಮ ಕಡೆಗೆ. ಆ ಬೆನ್ನಿನಷ್ಟು ಒಳ್ಳೆಯ ನಿರೂಪಕನನ್ನು ನಾನು ಇದುವರೆಗೆ ನೋಡಿಲ್ಲ.

ನನ್ನ ಮೊದಲ ಐದಾರು ವರ್ಷದ ಕಾರ್ಯಕ್ರಮಗಳ ಕ್ಯಾಸೆಟ್ಟು ಹಾಕಿದರೆ ಈಗ ನಾಚಿಕೆಯಾಗುತ್ತದೆ. ಪ್ರಶ್ನೆ ಮುಗಿದ ಮರುಗಳಿಗೆ, "ಹೇಳಿ ಹೇಳಿ, ಸುಲಭ ಇದೆ, ನಿಮ್ಮ ಪುಸ್ತಕದಲ್ಲೇ ಇದೆ, ಐದು, ನಾಲ್ಕು, ಮೂರು..." ಮಗು ಯೋಚನೆ ಮಾಡುವ ಜಾಗದಲ್ಲೆಲ್ಲ ನನ್ನ ಗಂಟಲು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಅಳೆದು ತೋರಿಸಿದ್ದು ಇದನ್ನೇ. ಪ್ರಶ್ನೆ ಕೇಳಿದ ಮೇಷ್ಟ್ರು ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂತಿರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಕೇಳಲು ಕಡಿಮೆ. ಮೈಕು ಹಿಡಿದು, ಐನೂರು ಜನರ ಮುಂದೆ, ಏನೂ ಮಾತಾಡದೆ ಮೂರು ಸೆಕೆಂಡು ನಿಂತು ನೋಡಿ.

ಪಾವಗಡದಲ್ಲಿ ನನಗೆ ಇದರ ಬೆಲೆ ತಿಳಿಯಿತು. ಆ ತಾಲ್ಲೂಕಿನ ಸುತ್ತ ಹೆಚ್ಚುಪಾಲು ಆಂಧ್ರ. ಬಹಳ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. "ಹೂವು ನೆಲದ ಮೇಲೆ ಬಿಟ್ಟು, ಕಾಯಿ ನೆಲದೊಳಗೆ ಕಟ್ಟುವ ಬೆಳೆ ಯಾವುದು?" ಅಂದೆ. ಆ ಹುಡುಗನ ಅಪ್ಪ, ತಾತ ಎಲ್ಲ ಬೆಳೆದದ್ದು ಅದನ್ನೇ. ಮುಖದಲ್ಲಿ ಉತ್ತರ ಬಂದು ಕೂತಿತ್ತು, ಬಾಯಿಗೆ ಬರಲಿಲ್ಲ. ನಾನು ಎಣಿಸಲು ಶುರು ಮಾಡಿದೆ. ‘ಎರಡು’ ಅನ್ನುವಾಗ ಗಾಬರಿಯಲ್ಲಿ, "ಶನಕ್ಕಾಯ!" ಅಂದ. ಎದುರು ತಂಡದ ಮೇಷ್ಟ್ರು ಎದ್ದರು: "ಕನ್ನಡದಲ್ಲೇ ಉತ್ತರಿಸಬೇಕು ಅಂತ ನೀವೇ ನಿಯಮ ಓದಿದ್ರಿ." ಓದಿದ್ದೆ, ನಿಜ. ಅಂಕ ಕೊಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಇಕ್ಕೆಲದಲ್ಲಿ ಕಡ್ಲೆಕಾಯಿ ಹೊಲ.

ಅವನಿಗೆ ಉತ್ತರ ಗೊತ್ತಿತ್ತು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಅವನಿಗೆ ಬೇಕಿದ್ದದ್ದು ಎರಡು ಸೆಕೆಂಡು. ಅದನ್ನು ನಾನು ತಿಂದಿದ್ದೆ. ಮರುದಿನವೇ ಎಣಿಕೆ ಬಿಟ್ಟೆ, ಭಾಷೆಯ ನಿಯಮವನ್ನೂ ಕಿತ್ತುಹಾಕಿದೆ.

ಆಮೇಲೆ ‘ಥಟ್ ಅಂತ ಹೇಳಿ’ಯನ್ನು ಬೇರೆ ಕಣ್ಣಲ್ಲಿ ನೋಡತೊಡಗಿದೆ. ಹೆಸರಿನಲ್ಲೇ ಅವಸರ ಇದೆ, ಆದರೆ ಕೇಳುವವರ ದನಿಯಲ್ಲಿ ಇಲ್ಲ. ಸೋಮೇಶ್ವರರು ವೃತ್ತಿಯಿಂದ ವೈದ್ಯರು. ‘ಎಲ್ಲಿ ನೋವು?’ ಅಂತ ಕೇಳಿ ರೋಗಿ ಹೇಳುವ ತನಕ ಕಾಯುವುದು ಅವರಿಗೆ ಅಲ್ಲಿಂದಲೇ ರೂಢಿಯಾಗಿರಬೇಕು. ಇದು ನನ್ನ ಊಹೆ. ಮೂರು ಸಾವಿರ ಕಂತು ದಾಟಿದ ಮೇಲೂ ಆ ದನಿ ಏರಿಲ್ಲ ಅನ್ನೋದಂತೂ ಕಣ್ಣೆದುರಿಗಿದೆ.

ಕೋಟಿ ರೂಪಾಯಿಯ ಆಟದ ಗುಟ್ಟೂ ಇಲ್ಲೇ ಇದೆ. 1998ರಲ್ಲಿ ಬ್ರಿಟನ್ನಿನಲ್ಲಿ ಕ್ರಿಸ್ ಟ್ಯಾರಂಟ್ ಶುರು ಮಾಡಿದ ಮೂಲ ರೂಪದಲ್ಲಿ ಉತ್ತರಕ್ಕೆ ಕಾಲಮಿತಿಯೇ ಇರಲಿಲ್ಲ. ಅದೇ ಆಟ 2000ದಲ್ಲಿ ಅಮಿತಾಭ್ ಬಚ್ಚನ್ ಕೈಗೆ, 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ಪುನೀತ್ ರಾಜ್‌ಕುಮಾರ್ ಕೈಗೆ ಬಂತು. ಪ್ರಶ್ನೆ ನಾಲ್ಕು ಸಾಲು, ಮೌನ ನಾಲ್ಕು ನಿಮಿಷ. ಜನ ಟಿವಿ ಮುಂದೆ ಉಸಿರು ಹಿಡಿದದ್ದು ಪ್ರಶ್ನೆಗಲ್ಲ.

4. ತಪ್ಪು ಉತ್ತರಕ್ಕೆ ಜೋಕ್ ಮಾಡಬೇಡಿ

ಕೊರಟಗೆರೆ ಕಡೆಯ ಒಂದು ಪ್ರೌಢಶಾಲೆ. ಕೇಬಲ್‌ನವರ ಕ್ಯಾಮೆರಾ ಬೇರೆ ಇತ್ತು, ನನಗೆ ಹುರುಪು. "ಜಯಮಂಗಲಿ ನದಿ ಹುಟ್ಟುವುದು ಎಲ್ಲಿ?" ಉತ್ತರ ದೇವರಾಯನದುರ್ಗ. ಒಂಬತ್ತನೇ ತರಗತಿಯ ಹುಡುಗಿ "ಸಿದ್ದರಬೆಟ್ಟ" ಅಂದಳು. ನಾನು, "ಹಂಗಾದ್ರೆ ನಾಳೆ ಬಿಂದಿಗೆ ತಗೊಂಡು ಬೆಟ್ಟ ಹತ್ತಮ್ಮ, ನದಿ ಸಿಕ್ರೆ ನಮಗೂ ಒಂದು ಕೊಡ ತಾ" ಅಂದೆ. ಸಭೆಯೆಲ್ಲ ಗೊಳ್ಳೆಂದಿತು. ಕ್ಯಾಮೆರಾದವನೂ ನಕ್ಕ, ಚಿತ್ರ ಅಲ್ಲಾಡಿತು.

ಆಮೇಲೆ ಆ ಹುಡುಗಿ ಗುಂಡಿ ಮುಟ್ಟಲಿಲ್ಲ. ಪಕ್ಕದವಳು ಕೇಳಿದರೂ ತಲೆ ಎತ್ತಲಿಲ್ಲ. ಮೂರು ವಾರದ ಮೇಲೆ ಅದು ಕೇಬಲ್‌ನಲ್ಲಿ ಬಂತು. ಮತ್ತೂ ಒಂದು ತಿಂಗಳಿಗೆ ಒಬ್ಬರು ಮೋಟರು ರಿವೈಂಡಿಂಗಿಗೆ ಅಂಗಡಿಗೆ ಬಂದು, ದುಡ್ಡು ಕೊಟ್ಟು, ಹೊರಡುವಾಗ ತಿರುಗಿ ನಿಂತರು. "ನಮ್ಮುಡುಗಿ ನೀವು ಟೀವೀಲಿ ಬಂದ್ರೆ ಎದ್ದೋಗ್ತಾಳೆ ಸಾ." ಅಷ್ಟೇ. ಜಗಳ ಆಡಿದ್ದರೆ ವಾಸಿ ಇತ್ತು.

ಸಿದ್ದರಬೆಟ್ಟದ ಗುಹೆಯಲ್ಲಿ ನೀರಿನ ಸೆಲೆ ಇದೆ. ಬೆಟ್ಟದಲ್ಲಿ ನೀರು ಕಂಡ ಮಗು ನದಿ ಅಲ್ಲಿ ಹುಟ್ಟಿತು ಅಂದುಕೊಂಡರೆ ಅದು ಮೂರ್ಖತನ ಅಲ್ಲ, ಯೋಚನೆ. ಅದನ್ನು ಹೇಳಿ, ಆಮೇಲೆ ಸರಿಯುತ್ತರ ಹೇಳಬಹುದಿತ್ತು. ಪುನೀತ್ ಅವರಲ್ಲಿ ನಾನು ಕಂಡ ದೊಡ್ಡ ಗುಣ ಇದೇ. ಸೋತು ಎದ್ದವರನ್ನೂ ಗೆದ್ದವರಷ್ಟೇ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ಅವರಿಗೆ ಸಿನಿಮಾದ ಹೆಸರು ಇತ್ತು, ನಗಿಸಿ ಗಿಟ್ಟಿಸಬೇಕಾದ್ದು ಏನೂ ಇರಲಿಲ್ಲ ಅನ್ನಬಹುದು. ನಮ್ಮಂಥವರಿಗೆ ಚಪ್ಪಾಳೆಯ ಹಸಿವು. ಕಷ್ಟ ಅಲ್ಲೇ ಇರೋದು.

5. ‘ಅತಿ ದೊಡ್ಡ’ ಪ್ರಶ್ನೆಗಳನ್ನು ಕೇಳಬೇಡಿ

ಮಧುಗಿರಿಯ ಏಕಶಿಲಾ ಬೆಟ್ಟದ ಬಗ್ಗೆ, ಏಷ್ಯಾದಲ್ಲಿ ಎಷ್ಟನೇ ದೊಡ್ಡದು ಅಂತ ಒಮ್ಮೆ ಕೇಳಿದೆ. ಒಂದು ಪುಸ್ತಕ ಎರಡನೆಯದು ಅನ್ನುತ್ತದೆ, ಸಾವನದುರ್ಗದವರು ತಮ್ಮದೇ ದೊಡ್ಡದು ಅನ್ನುತ್ತಾರೆ. ಅರ್ಧ ಗಂಟೆ ವಾದ. ಸೋಲಾರ್ ಪಾರ್ಕಿನದೂ ಅಷ್ಟೇ. ಪಾವಗಡದ್ದೇ ಎಲ್ಲಕ್ಕಿಂತ ದೊಡ್ಡದು ಅಂತ ಪ್ರಶ್ನೆ ಬರೆದಿಟ್ಟಿದ್ದೆ, ಅಷ್ಟರಲ್ಲಿ ರಾಜಸ್ಥಾನದ ಭಡ್ಲಾ ಅದನ್ನು ಮೀರಿಸಿತು. ಉತ್ತರಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತದೆ. ಬದಲಿಗೆ 1687ರಲ್ಲಿ ಮೊಗಲರ ಕೈ ಸೇರಿ ಅವರ ದಕ್ಷಿಣದ ಸುಬಾದ ರಾಜಧಾನಿಯಾದ ನಮ್ಮ ತಾಲ್ಲೂಕು ಕೇಂದ್ರ ಯಾವುದು ಅಂತ ಕೇಳಿ. ಶಿರಾ ಹುಡುಗರೇ ತಡಬಡಿಸುತ್ತಾರೆ. ಅದು ಮಾತ್ರ ಹಳಸುವುದಿಲ್ಲ.

6. ಪ್ರಶ್ನೆಪತ್ರಿಕೆ ಹೆಂಡತಿಗೂ ತೋರಿಸಬೇಡಿ

ಒಂದು ಶಾಲೆಯ ಹಿರಿಯರೊಬ್ಬರು ಕಾರ್ಯಕ್ರಮದ ಹಿಂದಿನ ದಿನ ಅಂಗಡಿಗೆ ಬಂದು ಟೀ ತರಿಸಿ, "ಸುಮ್ನೆ ಮಟ್ಟ ಹೆಂಗಿದೆ ನೋಡ್ತೀನಿ" ಅಂದರು. ತೋರಿಸಲಿಲ್ಲ. ಟೀ ದುಡ್ಡು ನಾನೇ ಕೊಟ್ಟೆ.

ಸಣ್ಣ ವಿಷಯ ಅನ್ನಬೇಡಿ. ಅಮೆರಿಕದಲ್ಲಿ ‘ಟ್ವೆಂಟಿ ಒನ್’ ಅಂತ ಒಂದು ಕ್ವಿಜ್ ಇತ್ತು. 1956ರಲ್ಲಿ ಗೆಲ್ಲುತ್ತಾ ಬಂದಿದ್ದ ಹರ್ಬರ್ಟ್ ಸ್ಟೆಂಪೆಲ್‌ಗೆ ನಿರ್ಮಾಪಕರು ಸೋಲಲು ಹೇಳಿದರು. ಹಿಂದಿನ ವರ್ಷದ ಶ್ರೇಷ್ಠ ಚಿತ್ರ ‘ಮಾರ್ಟಿ’ ಅಂತ ಆತನಿಗೆ ಚೆನ್ನಾಗಿ ಗೊತ್ತಿದ್ದೂ ಬೇರೆ ಹೆಸರು ಹೇಳಬೇಕಾಯಿತು. ಅವನನ್ನು ಸೋಲಿಸಿ ದೇಶವೇ ಮೆಚ್ಚುವ ಹೀರೊ ಆದದ್ದು ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಕಾಲೇಜು ಮೇಷ್ಟ್ರು. ತನಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು ಅಂತ 1959ರಲ್ಲಿ ಅವನು ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡ. ಮರುವರ್ಷ ಇಂಥ ಮೋಸದ ವಿರುದ್ಧ ಕಾನೂನೇ ಬಂತು.

ಸಭಿಕರನ್ನೂ ಗಮನಿಸಿ. 2001ರಲ್ಲಿ ಟ್ಯಾರಂಟ್ ಅವರ ಆಟದಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದ ಮೇಜರ್ ಚಾರ್ಲ್ಸ್ ಇಂಗ್ರಮ್‌ಗೆ ಸರಿಯುತ್ತರ ಬಂದಾಗೆಲ್ಲ ಸಹಸ್ಪರ್ಧಿಯೊಬ್ಬ ಕೆಮ್ಮಿ ಸೂಚನೆ ಕೊಟ್ಟನೆಂದು ಕೇಸಾಗಿ, 2003ರಲ್ಲಿ ಶಿಕ್ಷೆಯೂ ಆಯಿತು. ಇದನ್ನು ಓದಿದ ಮೇಲೆ ನಾನೂ ಕೆಮ್ಮಿಗೆ ಕಿವಿಗೊಟ್ಟೆ. ಆದರೆ ಕಡ್ಲೆಕಾಯಿ ಬಿಡಿಸುವ ಕಾಲದಲ್ಲಿ ನಮ್ಮ ಕಡೆ ಊರಿಗೆ ಊರೇ ಕೆಮ್ಮುತ್ತದೆ. ಯಾರನ್ನು ಅಂತ ಹಿಡಿಯುವುದು?

7. ಹೊರಗೆ ಮಳೆ ಬರುತ್ತಿದೆ ಅನ್ನಬೇಡಿ

ಟಿವಿಗೆ ಮಾಡುವುದಾದರೆ ಮಾತ್ರ ಈ ಪಾಠ. ಕೇಬಲ್‌ನವರು ಒಂದು ಭಾನುವಾರ ನಾಲ್ಕು ಕಂತು ಮುಗಿಸುತ್ತಿದ್ದರು, ಕ್ಯಾಮೆರಾ ಬಾಡಿಗೆ ಉಳಿಯಲಿ ಅಂತ. ಬಡವರ ಬುದ್ಧಿ ಅಂದುಕೊಂಡಿದ್ದೆ. ‘ಜೆಪರ್ಡಿ’ಯವರು ದಿನಕ್ಕೆ ಐದು ಮಾಡುತ್ತಾರೆ ಅಂತ ಆಮೇಲೆ ತಿಳಿಯಿತು. ನಾಲ್ಕು ಕಂತಿಗೆ ನಾಲ್ಕು ಅಂಗಿ ಬೇಕು. ನನ್ನವು ಎರಡು, ಭಾಮೈದನವು ಎರಡು, ಅವನದು ತೋಳು ಗಿಡ್ಡ. ಒಮ್ಮೆ ಜೋರು ಮಳೆ ಬಂದು ಖುಷಿಯಲ್ಲಿ, "ವೀಕ್ಷಕರೇ, ಹೊರಗೆ ವರುಣನ ಕೃಪೆ" ಅಂದೆ. ಅದು ಪ್ರಸಾರವಾದದ್ದು ಐದು ವಾರದ ಮೇಲೆ, ಬೆಳೆ ಒಣಗುವಾಗ. ಒಂದು ವಾರ ಅಂಗಡಿಗೆ ಬಂದವರೆಲ್ಲ, "ಎಲ್ಲಿ ಮೇಷ್ಟ್ರೇ ಮಳೆ?" ಅಂತಲೇ ಮಾತು ಶುರು ಮಾಡಿದರು.

8. ಬಹುಮಾನ

‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕ. ನಾನೂ ಪುಸ್ತಕ ಕೊಡುತ್ತೇನೆ ಅಂದಾಗ ಸಂಘದವರು ಒಪ್ಪಲಿಲ್ಲ, ಸ್ಟೀಲ್ ಬಿಂದಿಗೆ ಇಟ್ಟರು. ಗೆದ್ದ ಹುಡುಗನ ಅಮ್ಮ ಅದನ್ನು ಕುಟ್ಟಿ ನೋಡಿ, "ತಗಡು ತೆಳ್ಳಗೈತೆ" ಅಂದರು. ಪುಸ್ತಕವನ್ನು ಯಾರೂ ಕುಟ್ಟಿ ನೋಡುವುದಿಲ್ಲ. ಅಂದಿನಿಂದ ನನ್ನ ಷರತ್ತು ಒಂದೇ: ಪುಸ್ತಕವಾದರೆ ಬರುತ್ತೇನೆ.

9. ಇದನ್ನೇ ನಂಬಿಕೊಳ್ಳಬೇಡಿ

ಪುನೀತರಿಗೆ ಸಿನಿಮಾ ಇತ್ತು; ಸೋಮೇಶ್ವರರಿಗೆ ವೈದ್ಯವೃತ್ತಿ, ನನಗೆ ಮೋಟರು ರಿವೈಂಡಿಂಗು. ಹಳ್ಳಿಗಳಲ್ಲಿ ಸಂಭಾವನೆ ಅಂದರೆ ಶಾಲು, ಹಾರ, ಸೇಬು, ಬಸ್ ಚಾರ್ಜು. ಕೆಲವೊಮ್ಮೆ ಹಾರವನ್ನು ವಾಪಸು ಕೇಳುತ್ತಾರೆ, ಮುಂದಿನ ಅತಿಥಿಗೆ ಬೇಕಂತೆ. ಊಟ ಮಾಡಿಕೊಂಡೇ ಹೊರಡಿ, ಕೊನೆಯ ಬಸ್ಸಿನ ಟೈಮು ಮೊದಲೇ ಕೇಳಿಟ್ಟುಕೊಳ್ಳಿ.

ಹೋದ ತಿಂಗಳು ಹಾಗೊಂದು ಕೊನೆಯ ಬಸ್ಸಿನಲ್ಲಿ ಬರುತ್ತಿದ್ದೆ, ತೊಡೆಯ ಮೇಲೆ ಬೆಲ್ಲಿನ ಡಬ್ಬಿ. ಕಂಡಕ್ಟರ್ ಗುರುತು ಹಿಡಿದ. ಟಿಕೆಟ್ ಹರಿದು ಕೊಟ್ಟು, ಪಕ್ಕದ ಸೀಟಿನ ಕಂಬಿ ಹಿಡಿದು ನಿಂತು, "ಎಲ್ರನ್ನೂ ನೀವು ಕೇಳ್ತೀರ, ಇವತ್ತು ನಾನ್ ಕೇಳ್ಲಾ? ನಮ್ ರಾಜ್ಯದಲ್ಲಿ ತಾವರೆಕೆರೆ ಅನ್ನೋ ಊರು ಎಷ್ಟದವೆ?" ಅಂದ. ನಾನು ಬೆರಳು ಮಡಿಚತೊಡಗಿದೆ: ನಮ್ಮದು, ಬಿಟಿಎಂ ಪಕ್ಕದ್ದು, ಮಾಗಡಿ ರಸ್ತೆಯದು... ಮುಂದಿನ ಸೀಟಿನವರು ತಿರುಗಿ ಕೂತರು. ಹಿಂದಿನಿಂದ ಯಾರೋ, "ಹೊಸಕೋಟೆ ಕಡೇಲೂ ಒಂದೈತೆ" ಅಂದರು. ಕಂಡಕ್ಟರ್ ಅವರಿಗೆ ಕೈ ಅಡ್ಡ ತೋರಿಸಿ, "ಸುಮ್ಕಿರಣ್ಣ, ಹೇಳ್ಕೊಡ್ಬೇಡ. ಮೇಷ್ಟ್ರು ಯೋಚ್ನೆ ಮಾಡ್ತಾವ್ರೆ" ಅಂದ.